ರಿಂಗ್ ರೋಡ್ ಬ್ಯಾಡ ಅಂದಿಲ್ಲೋ, ಉತಾರ ನೋಡು ಅಂದೀವಿ

"ರಿಂಗ್ ರೋಡ್ ಕೊಡ್ತೀವಿ ಅಂದ್ರೂ ಬೇಡ ಅಂತೀರಲ್ಲ, ನಿಮ್ ಕಡೆಯವರಿಗೆ ಅಭಿವೃದ್ಧಿ ಬೇಕೋ, ಬರೀ ಗಡಿ ಜಗಳ ಬೇಕೋ?" ಅಂತ ಬೆಂಗಳೂರಾಗ ಕುಂತು ಕೇಳಿದ್ಯಲ್ಲ ದೋಸ್ತ, ಮೊದಲ ಬೆಳಗಾವಿ ನಕಾಶೆ ತಗಿ, ಆಮ್ಯಾಲೆ ಉತಾರ, ಅಂದ್ರ ನೀವು ಅನ್ನೂ ಪಹಣಿ, ನೋಡೂಣು.

ಪುಣೆ–ಬೆಂಗಳೂರು ಹೆದ್ದಾರಿ 48 ನಮ್ಮ ಊರೊಳಗ ಬರೂದಿಲ್ಲ. ಕಾಕತಿ, ಗಾಂಧಿನಗರ, ಅಲಾರವಾಡ, ಹಲಗಾ ಅಂತ ಅಂಚು ಹಿಡಕೊಂಡು, ಸುವರ್ಣ ವಿಧಾನಸೌಧದ ಮುಂದ ಹಾದು ಹೋಗತೈತಿ. ತಕರಾರು ಇರೂದು ಗೋವಾದ ದಾರೀದು. ಖಾನಾಪುರದ ಕಡೆ ಹೋಗೂ ಹೆದ್ದಾರಿ 748, ಜಾಂಬೋಟಿ–ಚೋರ್ಲಾ ರಸ್ತೆ ಎರಡೂ ಊರಿನ ಇನ್ನೊಂದು ತುದಿಯೊಳಗ, ಪೀರನವಾಡಿ ಕಡೆ ಅದಾವು. ಹಿಂಗಾಗಿ ಕೊಲ್ಹಾಪುರದಿಂದ ಬಂದ ಲಾರಿ ಗೋವಾಕ್ಕ ಹೋಗಬೇಕಂದ್ರ ಕೋಟೆ, ಕ್ಯಾಂಪ್, ಟಿಳಕವಾಡಿ ಮೂರನೇ ರೈಲ್ವೆ ಗೇಟು, ಉದ್ಯಮಬಾಗ ಎಲ್ಲಾ ದಾಟಬೇಕು. ರಸ್ತೆ ಬೇಕು ಅನ್ನೂದಕ್ಕ ಇಲ್ಲಿ ಎರಡು ಮಾತಿಲ್ಲ.

ನೀವು ಎರಡು ರಸ್ತೆ ಕೂಡಿಸಿ ಒಂದ ಹೆಸರು ಹೇಳತೀರಿ, ಅದ ಮೊದಲನೇ ಗೊಂದಲ. ಹಲಗಾ–ಮಚ್ಛೆ ಬೈಪಾಸ್ ಬ್ಯಾರೆ. ಅದು 10 ಕಿ.ಮೀ.ಗಿಂತ ಕಡಿಮಿ, 48 ಮತ್ತು 748 ಹೆದ್ದಾರಿ ನಡುವಿನ ಕೊಂಡಿ. ಶಹಾಪುರ, ವಡಗಾವಿ, ಯಳ್ಳೂರು ಶಿವಾರದ ಭತ್ತದ ಗದ್ದಿ ಸೀಳಿ ಹೋಗತೈತಿ. ರಸ್ತೆಯ ಝೀರೊ ಪಾಯಿಂಟ್, ಅಂದ್ರ ಅಳತಿ ಶುರು ಆಗೂ ಜಾಗ, ಹಲಗಾ ಅಲ್ಲ, ಊರೊಳಗಿನ ಫಿಶ್ ಮಾರ್ಕೆಟ್ ಅನ್ನೂದು ರೈತರ ವಾದ, ಅದು ಕೋರ್ಟ್ ಮೆಟ್ಟಿಲು ಹತ್ತೇತಿ. ರಿಂಗ್ ರೋಡ್ ಅಂದ್ರ ಝಾಡಶಹಾಪುರ, ಬೆಳಗುಂದಿ, ಉಚಗಾಂವ್, ಕಡೋಲಿ, ಮುತಗಾ ಹಿಂಗ 30ರ ಮ್ಯಾಲ ಹಳ್ಳಿ ಸುತ್ತೂ ಸುಮಾರು 70 ಕಿ.ಮೀ. ಯೋಜನೆ.

ಪಶ್ಚಿಮಕ್ಕ ಈ ವರ್ತುಲ ಹಿಗ್ಗೂ ಹಂಗಿಲ್ಲ. ವೆಂಗುರ್ಲಾ ರಸ್ತೆಗುಂಟ ಹೋದ್ರ ಬಾಚಿ ನಮ್ಮ ಕಡೀ ಹಳ್ಳಿ, ಅದರ ಮುಂದಿನ ಶಿನೋಳಿ ಚಂದಗಡ ತಾಲೂಕು, ಕೊಲ್ಹಾಪುರ ಜಿಲ್ಲಾ. ಬರಡು ನೆಲ ಹುಡುಕಿ ಆಕಡೆ ಸರಕೊಳ್ಳೂಣಂದ್ರ ರಾಜ್ಯನ ಮುಗೀತೈತಿ. ನಿಮ್ಮ ಸ್ಯಾಟಲೈಟ್ ಟೌನ್ ರಿಂಗ್ ರೋಡ್ ಹೊಸೂರ ಕಡೆ ತಮಿಳುನಾಡಿನೊಳಗ ಹೊಕ್ಕು ಹೊರಬೀಳೂ ಹಂಗ ಗೆರಿ ಎಳದಾರ. ಅದಕ್ಕ ಯಾರೂ ಗಡಿ ಜಗಳ ಅನ್ನಲಿಲ್ಲ ನೋಡು.

ಈಗ ಲೆಕ್ಕ ಮಾಡು. 60 ಮೀಟರ್ ಅಗಲದ ಪಟ್ಟಿ ಹಿಡದ್ರ ಒಂದು ಕಿ.ಮೀ.ಗೆ 60,000 ಚದರ ಮೀಟರ್, ಅಂದ್ರ ಹತ್ತಿರ ಹತ್ತಿರ 15 ಎಕರೆ. 20 ಗುಂಟೆ ಹೊಲ ಇದ್ದವಂದು 34 ಮೀಟರ್ ಉದ್ದದೊಳಗ ಪೂರಾ ಹೋತು. ಇಲ್ಲಿ ಗುಂಟೆ ಲೆಕ್ಕದ ರೈತರ ಹೆಚ್ಚು. ಮಳಿಗಾಲಕ್ಕ ಬಾಸ್ಮತಿ, ಹಿಂದ ಮಸೂರು ಬೆಳಿಯೂ ನೆಲ. ಪಟ್ಟಿ ಅಡ್ಡ ಹೋದ್ರ ಒಂದು ಮೂಲಿಯೊಳಗ 3 ಗುಂಟೆ ಮುಕ್ಕೋಣ ಉಳಿತೈತಿ, ಎತ್ತು ಇಳಿಸಾಕ ದಾರಿ ಇರೂದಿಲ್ಲ. ಹೊಲ ತುಂಡಾದದ್ದಕ್ಕೂ ಪರಿಹಾರ ಕೇಳಾಕ ಕಾಯ್ದೆಯೊಳಗ ಬರತೈತಿ, ಆದ್ರ ಅರ್ಜಿಯೊಳಗ ಬಿಡಿಸಿ ಬರೀಬೇಕು.

ನಮ್ಮ ಖರೇ ಜಗಳ ಉತಾರದ್ದು. ಹೆದ್ದಾರಿಗೆ ಜಮೀನು ತಗೊಳ್ಳೂದು 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆ ಪ್ರಕಾರ. ಮೊದಲ ಜಮೀನು ತಗೋತೀವಿ ಅಂತ ಹೇಳೂ 3ಎ ಕಲಮಿನ ಅಧಿಸೂಚನೆ. ಅದರ ಸಾರಾಂಶ ಎರಡು ಪೇಪರಿನಾಗ ಬರಬೇಕು, ಒಂದು ಸ್ಥಳೀಯ ಭಾಷೇದು. ಯಾವ ಸ್ಥಳೀಯ ಭಾಷೆ? ಕನ್ನಡ ಪೇಪರಿನಾಗ ಬಂದ್ರ ಉಚಗಾಂವಿನ ಅಜ್ಜಗ ಗೊತ್ತಾಗೂದಿಲ್ಲ, ಮರಾಠಿ ಪೇಪರಿನಾಗ ಬಂದ್ರ ಮುತಗಾದ ಎಷ್ಟೋ ಮನಿಗೆ ಮುಟ್ಟೂದಿಲ್ಲ. ತಕರಾರು ಹಾಕಾಕ 3ಸಿ ಕಲಂ ಕೊಡೂದು 21 ದಿನ. ಅದರಾಗ ಒಂದು ವಾರ ಯಾರರ ಓದಿ ಹೇಳೂತನಕ ಹೋಗಿರತೈತಿ.

ಓದಿದ ಮ್ಯಾಲ ತಾಳೆ ಹಚ್ಚಿ ನೋಡೂ ಕೆಲಸ. ಉತಾರದಾಗ ಎಕರೆ–ಗುಂಟೆ–ಆಣೆ, ಗೆಜೆಟ್ಟಿನಾಗ ಹೆಕ್ಟೇರ್ ಇಲ್ಲಾ ಚದರ ಮೀಟರ್. ಒಂದು ಗುಂಟೆ ಅಂದ್ರ 101.17 ಚ.ಮೀ., 12 ಗುಂಟೆ ಅಂದ್ರ 1,214. ಎಂಟು ಆಣೆ, ಅಂದ್ರ ಅರ್ಧ ಗುಂಟೆ, ಬಿಟ್ರ 50 ಚ.ಮೀ. ಹೋತು. ಹಿಸ್ಸಾ ಅಕ್ಷರಾನೂ, ಅಂದ್ರ ಸರ್ವೆ ನಂಬರಿನ ಪಾಲಿನ ಗುರುತೂ, ನೋಡಬೇಕು. ನಮ್ಮ ಕಡೆ ಅ, ಬ, ಕ, ಡ ಅಂತ ನಡೀತೈತಿ. "2ಕ" ಅನ್ನೂದನ್ನ ಇಂಗ್ಲಿಷಿಗೆ ಹಾಕೂವಾಗ ಒಬ್ಬರು "ಸಿ" ಬರದು ಇನ್ನೊಬ್ಬರು "ಕೆ" ಬರದ್ರ, ಹೊಲ ಒಬ್ಬಂದು, ಗೆಜೆಟ್ ಇನ್ನೊಬ್ಬಂದು.

ಜಂಟಿ ಮೋಜಣಿ (ಅಳತಿ) ದಿನ ಹೊಲದಾಗ ಇರಾಕ ಬೇಕು. ಬಾವಿ, ಬೋರು, ಪೈಪ್‌ಲೈನ್, ಮಾವಿನ ಗಿಡ ಎಲ್ಲಾ ಪಂಚನಾಮೆಯೊಳಗ ಎಣಿಸಿ ಬರಸಬೇಕು. ಬರಸದ ಗಿಡಕ್ಕ ಆಮ್ಯಾಲೆ ರೊಕ್ಕ ಕೇಳೂದಂದ್ರ ವರ್ಷಗಟ್ಟಲೆ ಅಡ್ಡ್ಯಾಡೂದು. 3ಎ ಆಗಿ ಒಂದು ವರ್ಷದೊಳಗ 3ಡಿ ಘೋಷಣೆ ಬರಬೇಕು. ಅದು ಬಂತಂದ್ರ ಜಮೀನು ಕೇಂದ್ರ ಸರಕಾರದ್ದಾತು, ಉಳಿಯೂದು 3ಜಿ ಪರಿಹಾರದ ಮಾತು ಅಷ್ಟ. ಕಡಿಮಿ ಆತು ಅನಿಸಿದ್ರ ಮಧ್ಯಸ್ಥಗಾರರ ಮುಂದ ಹೋಗೂದು.

ಆ ರೊಕ್ಕ ಕೈಗೆ ಬರೂ ಹೊತ್ತಿಗೆ ಉತಾರದಾಗ ಇನ್ನೂ ಮುತ್ಯಾನ ಹೆಸರ ಇರತೈತಿ. ವಾಟ್ನಿ (ಪಾಲು) ಬಾಯಿಮಾತಿನಾಗ ಆಗೇತಿ, ಪೋಡಿ, ಅಂದ್ರ ಅಳದು ನಂಬರ್ ಬ್ಯಾರೆ ಮಾಡೂದು, ಆಗಿಲ್ಲ. ವಾರಸುದಾರರ ಹೆಸರ ಹಚ್ಚಬೇಕಂದ್ರ ವಂಶಾವಳಿ, ಮರಣ ದಾಖಲೆ, ಎಲ್ಲಾರ ಸಹಿ ಬೇಕು. ಅಕ್ಕ-ತಂಗೇರಿಗೆ ಪಾಲು ಐತಿ. ಒಬ್ಬಾಕಿನ್ನ ಚಂದಗಡಕ್ಕ ಕೊಟ್ಟಾರ, ಇನ್ನೊಬ್ಬಾಕಿ ಗಡಹಿಂಗ್ಲಜಕ್ಕ. ಅವರ ಕಾಗದ ಪತ್ರ ಮರಾಠಿ, ನಮ್ಮ ತಲಾಟಿ (ಗ್ರಾಮ ಲೆಕ್ಕಿಗ) ಕಚೇರಿಗೆ ಕನ್ನಡ ಬೇಕು. ಉತಾರದಾಗ "ಯಲ್ಲಪ್ಪ", ಆಧಾರದಾಗ "ಯಲ್ಲಾಪ್ಪಾ", ಗಂಡನ ಮನಿಯೊಳಗ ಹೆಸರ ಬದಲಿಸಿಕೊಂಡ ತಂಗಿಗೆ ಎರಡು ಹೆಸರು. ಒಬ್ಬರ ಕಾಗದ ಒಬ್ಬರದಕ್ಕ ಕೂಡೂದಿಲ್ಲ. ಹಳೇದು ಬೇಕಂದ್ರ ಕೆಲವು ಮರಾಠಿ ಬರೀತಿದ್ದ ಹಳೇ ಮೋಡಿ ಲಿಪಿಯಾಗ ಅದಾವು, ಓದಾವರು ಬೆರಳೆಣಿಕಿ ಮಂದಿ. ಪಾಲಿನ ಜಗಳ ಬಗಿಹರೀದಿದ್ರ ಅದು ಸಿವಿಲ್ ಕೋರ್ಟಿಗೆ ಹೋಗತೈತಿ, ರೊಕ್ಕ ಅಲ್ಲೀತನಕ ಕುಂಡರತೈತಿ. ರಸ್ತೆ ಮಾತ್ರ ಕಾಯೂದಿಲ್ಲ.

ಗಡಿ ಜಗಳ ಅಂತೀಯಲ್ಲ, ಕಾಕತಿಯ ಕನ್ನಡ ರೈತಂದೂ ಬೆಳಗುಂದಿಯ ಮರಾಠಿ ರೈತಂದೂ ತಕರಾರು ಅರ್ಜಿ ಒಂದ ನಮೂನಿ. ಮರಾಠಿಯೊಳಗ ಹೇಳಿದ್ದನ್ನ ಕನ್ನಡದಾಗ ಬರಕೊಡಾಕ ಪ್ರತಿ ಹಳ್ಳಿಯೊಳಗ ಒಬ್ಬ ಹುಡುಗ ಇದ್ದ ಇರತಾನ. ಕನ್ನಡ ಉಳಿಸ್ರಿ ಅಂತ ನೀವು ನವೆಂಬರಿನಾಗ ಹೇಳತೀರಿ. ಇಲ್ಲಿ ಅದು ಉತಾರ ಓದೂ ಕಟ್ಟಿ ಮ್ಯಾಲ ವರ್ಷಪೂರ್ತಿ ನಡೀತೈತಿ.

ನೀರಿನ ಮಾತೂ ಒಂದೈತಿ. ಶಹಾಪುರ ಶಿವಾರದ ನೀರು ಹರಿಯೂದು ಬಳ್ಳಾರಿ ನಾಲಾದಾಗ. ಹೂಳು ತುಂಬಿ, ಜೋರು ಮಳಿಗೆ ಈಗ ಗದ್ದಿ ಮ್ಯಾಲ ನೀರು ನಿಂದರತೈತಿ. ಅದಕ್ಕ ಅಡ್ಡ ಮಣ್ಣಿನ ಏರಿ ಹಾಕಿ ಮ್ಯಾಲ ರಸ್ತೆ ಮಾಡಿದ್ರ, ಮೋರಿ ಎಲ್ಲಿ, ಎಷ್ಟು ಅಗಲ, ಅದರ ತಳ ಗದ್ದಿಗಿಂತ ಮ್ಯಾಲೋ ಕೆಳಗೋ ಅನ್ನೂದರ ಮ್ಯಾಲ ಬೆಳಿ ನಿಂತೈತಿ. ತಳ ಒಂದು ಅಡಿ ಎತ್ತರ ಆತಂದ್ರ ಮ್ಯಾಲಿನ ಹೊಲದಾಗ ಭತ್ತ ಕೊಳೀತೈತಿ. ಜಮೀನು ಹೋಗದವನೂ ಅಲ್ಲಿ ಧರಣಿಗೆ ಯಾಕ ಕುಂಡರತಾನ ಅಂತ ಕೇಳಿದ್ಯಲ್ಲ, ಇದಕ್ಕ.

ಗೋವಾಕ್ಕ ಹೊಂಟಿದ್ರ ಧಾರವಾಡದಾಗ ಹೊರಳಿ ಅಳ್ನಾವರ, ಲೋಂಡಾ ಹಿಡಿ. ಬೆಳಗಾವಿ ಹಾದೇ ಹೋಗಾಂವ ಇದ್ರ, ಸಂಜಿ ಮುಂದ ಮೂರನೇ ಗೇಟಿನ ಕಡೆ ಮಾತ್ರ ಬರಬ್ಯಾಡ.