ಹಿತ್ತಲಿನ ಐರಿಸ್‌ಗಳು: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಮಾನ್ಯರೇ, ನಮ್ಮ ಮನೆ ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿದೆ. ಅಂಗಳದ ಅಂಚಿನಲ್ಲಿಯೂ ಬಾವಿಕಟ್ಟೆಯ ಸುತ್ತಲೂ ಕತ್ತಿಯ ಅಲಗಿನಂತಹ ಎಲೆಗಳುಳ್ಳ ಐದು ಬಗೆಯ ಗಿಡಗಳಿವೆ. ಕೆಲವು ನಮ್ಮ ಅತ್ತೆಯವರ ಕಾಲದಿಂದ ಇರುವಂಥವು, ಕೆಲವು ನೆಂಟರ ಮನೆಗೆ ಹೋದಾಗ ಬುಡ ಕಿತ್ತು ತಂದಂಥವು. ಮೂರನೆಯದೊಂದನ್ನು ಬಿಟ್ಟು ಉಳಿದೆಲ್ಲವನ್ನೂ ಐರಿಸ್ ಎಂದೇ ಕರೆಯುತ್ತೇವೆ. ಮೊದಲನೆಯದರ ಹೊರಗಿನ ಮೂರು ಎಸಳು ಬಿಳಿ, ಒಳಗಿನ ಮೂರು ನೀಲಿ. ಬೆಳಿಗ್ಗೆ ಅರಳಿ ಸಂಜೆಗೆ ಮುದುಡುತ್ತದೆ. ಹೂವಿನ ದಂಟು ಬಾಗಿ ನೆಲ ಮುಟ್ಟಿದಲ್ಲಿ ಮರಿ ಬೇರೂರುತ್ತದೆ. ಎರಡನೆಯದು ಹಳದಿ ಹೂವಿನದು, ನಡುವೆ ಕಂದು ಚುಕ್ಕೆಗಳಿವೆ. ಮೂರನೆಯದು ಕಿತ್ತಳೆ ಬಣ್ಣದ ಹೂವಿನ ಮೇಲೆ ಕೆಂಪು ಚುಕ್ಕೆಯುಳ್ಳದ್ದು. ಇದನ್ನು ಲಿಲಿ ಎನ್ನುತ್ತೇವೆ. ನಾಲ್ಕನೆಯದನ್ನು ನರ್ಸರಿಯಿಂದ ತಂದೆವು. ಬಿಳಿ ಹೂವು, ಹಳದಿ ಮಚ್ಚೆ, ನಡುವೆ ತಿಳಿನೇರಳೆ. ಐದನೆಯದು ಬಚ್ಚಲ ನೀರು ಹರಿಯುವಲ್ಲಿ ಹತ್ತು ವರ್ಷಗಳಿಂದ ಸೊಂಪಾಗಿ ಬೆಳೆದಿದ್ದರೂ ನಾವು ಹೂವನ್ನೇ ಕಂಡಿಲ್ಲ. ಇವು ಯಾವ ತಳಿಯ ಐರಿಸ್‌ಗಳೆಂದು ದಯವಿಟ್ಟು ತಿಳಿಸಿ. ಫೋಟೋಗಳನ್ನು ಕಳುಹಿಸಿದ್ದೇನೆ.

ಉತ್ತರ: ನೀವು ಐರಿಸ್ ಎಂದು ಕರೆಯುತ್ತಿರುವ ನಾಲ್ಕರಲ್ಲಿ ಮೂರಂತೂ ಐರಿಸ್ ಅಲ್ಲ, ಉಳಿದ ಒಂದು, ಅಂದರೆ ಹೂ ಕಾಣದ ಐದನೆಯ ಗಿಡ, ಅದೂ ಬಹುಶಃ ಅಲ್ಲ. ಐರಿಸ್ ಅಲ್ಲವೆಂದು ಪಕ್ಕಕ್ಕಿಟ್ಟ ಆ ಕಿತ್ತಳೆ ಹೂವಿನದೊಂದೇ ನಿಜವಾದ ಐರಿಸ್. ಇದನ್ನು ಓದಿ ಬೇಸರ ಪಡಬೇಡಿ. ದೊಡ್ಡ ಸಸ್ಯವಿಜ್ಞಾನಿಗಳೂ ಈ ಗಿಡದ ಮುಂದೆ ಎಡವಿದ್ದಾರೆ.

ಬಣ್ಣವನ್ನು ನೋಡುವುದಕ್ಕೆ ಮೊದಲು ಗಿಡ ಯಾವ ಕುಟುಂಬದ್ದು ಎಂಬುದನ್ನು ಗೊತ್ತುಮಾಡಿಕೊಳ್ಳಬೇಕು. ಐರಿಸ್ ಕುಟುಂಬದ ಹೂವಿನಲ್ಲಿ ಕೇಸರಗಳು ಮೂರೇ ಇರುತ್ತವೆ, ಅಂಡಾಶಯವು ಎಸಳುಗಳ ಕೆಳಗೆ ಹಸಿರು ಗಂಟಿನಂತೆ ಕಾಣುತ್ತದೆ. ಲಿಲಿಗಳಲ್ಲಿಯೂ, ಮೊದಲ ಮಳೆಗೆ ಅರಳುವ ಮಳೆಲಿಲಿಯಲ್ಲಿಯೂ ಕೇಸರಗಳು ಆರು. ಎಲೆಗಳು ಬುಡದಲ್ಲಿ ಒಂದರೊಳಗೊಂದು ಸೇರಿಕೊಂಡು, ಬೀಸಣಿಗೆ ಬಿಚ್ಚಿದಂತೆ ಒಂದೇ ಸಮತಲದಲ್ಲಿ ಹರಡಿರುವುದು ಈ ಕುಟುಂಬದ ಇನ್ನೊಂದು ಗುರುತು. ಆದರೆ ಎಲೆಯೊಂದನ್ನೇ ನಂಬಿದರೆ ಮೋಸ ಹೋಗುತ್ತೀರಿ, ಅದಕ್ಕೆ ನಿಮ್ಮ ಐದನೆಯ ಗಿಡವೇ ಸಾಕ್ಷಿಯಾಗಬಹುದು. ಕುಟುಂಬದೊಳಗೆ ಐರಿಸ್ ಎಂಬ ಕುಲವನ್ನು ಬೇರ್ಪಡಿಸುವುದು ಹೂವಿನ ನಡುಭಾಗ. ಸಾಮಾನ್ಯ ಐರಿಸ್ ಹೂವಿನಲ್ಲಿ ಮೂರು ಎಸಳು ಕೆಳಗೆ ಬಾಗಿರುತ್ತವೆ, ಮೂರು ಮೇಲಕ್ಕೆ ನಿಂತಿರುತ್ತವೆ. ಇವಲ್ಲದೆ ಶಲಾಕೆಯ, ಅಂದರೆ ಅಂಡಾಶಯದಿಂದ ಮೇಲೆದ್ದ ಕಡ್ಡಿಯ, ಮೂರು ಕವಲುಗಳೂ ಎಸಳಿನಂತೆಯೇ ಅಗಲವಾಗಿದ್ದು, ಒಂದೊಂದರ ಅಡಿಯಲ್ಲಿ ಒಂದೊಂದು ಕೇಸರ ಅಡಗಿರುತ್ತದೆ. ಆ ಸಂದಿಗೆ ನುಗ್ಗಿದ ಜೇನ್ನೊಣದ ಬೆನ್ನಿಗೆ ಪರಾಗ ಅಂಟಿಕೊಳ್ಳುತ್ತದೆ.

ನಿಮ್ಮ ಮೊದಲನೆಯ ಗಿಡ ದಕ್ಷಿಣ ಅಮೆರಿಕದ ನಿಯೋಮ್ಯಾರಿಕಾ. ಹೂವು ಬಾಡಿದ ಮೇಲೆ ದಂಟಿನ ತುದಿಯಲ್ಲಿ ಮರಿ ಹುಟ್ಟಿ, ಅದರ ಭಾರಕ್ಕೆ ದಂಟು ನೆಲಕ್ಕೆ ಬಾಗಿ, ಅಲ್ಲಿ ಹೊಸ ಬುಡ ಕಟ್ಟಿಕೊಳ್ಳುವುದರಿಂದ ಇದಕ್ಕೆ ವಾಕಿಂಗ್ ಐರಿಸ್ ಎಂಬ ಹೆಸರು ಬಂದಿದೆ. ದಂಟು ಎಲೆಯಂತೆ ಚಪ್ಪಟೆಯಾಗಿರುವುದು ಫೋಟೋದಲ್ಲಿ ಸ್ಪಷ್ಟವಾಗಿ ಕಾಣುತ್ತದೆ, ಹಾಗಾಗಿ ಅನುಮಾನಕ್ಕೆ ಎಡೆಯಿಲ್ಲ. ಇನ್ನು ಯಾವ ಪ್ರಭೇದ ಎಂಬುದನ್ನು ನೀವೇ ಅಳೆದು ನೋಡಬೇಕು: ಹೂವು ಐದಾರು ಸೆಂಟಿಮೀಟರ್ ಅಗಲವಿದ್ದರೆ ಗ್ರ್ಯಾಸಿಲಿಸ್, ಹತ್ತು ಸೆಂಟಿಮೀಟರ್‌ಗೆ ಹತ್ತಿರವಿದ್ದು ಬೆಳಗಿನ ಹೊತ್ತು ಪರಿಮಳವೂ ಇದ್ದರೆ ನಾರ್ತಿಯಾನಾ ಇರಬಹುದು. ಎಲ್ಲ ಬುಡಗಳೂ ಮಾತಾಡಿಕೊಂಡಂತೆ ಒಂದೇ ದಿನ ಅರಳಿ, ಮತ್ತೆ ಕೆಲವು ದಿನ ಸುಮ್ಮನಿರುವುದು ಈ ಗಿಡದ ಸ್ವಭಾವ. ಆ ದಿನ ನೀವು ನೆಂಟರ ಮನೆಗೆ ಹೋಗಿದ್ದರೆ ಅಳತೆಗೆ ಮುಂದಿನ ಸರದಿಯವರೆಗೆ ಕಾಯಬೇಕಾಗುತ್ತದೆ.

ಎರಡನೆಯದು ಟ್ರೈಮೀಜಿಯಾ. ಇದರ ದಂಟನ್ನು ಬೆರಳುಗಳ ನಡುವೆ ಹಿಡಿದು ಉರುಳಿಸಿ ನೋಡಿ, ಅದು ದುಂಡಗಿರುತ್ತದೆ. ಚಪ್ಪಟೆ ದಂಟಿನ ನಿಯೋಮ್ಯಾರಿಕಾದಿಂದ ಇದನ್ನು ಬೇರ್ಪಡಿಸಲು ಇಷ್ಟೇ ಸಾಕು. ಮಾರುಕಟ್ಟೆಯಲ್ಲಿ ಇದು ಹಳದಿ ವಾಕಿಂಗ್ ಐರಿಸ್ ಎಂದೂ ನಿಯೋಮ್ಯಾರಿಕಾ ಲಾಂಗಿಫೋಲಿಯಾ ಎಂದೂ ಮಾರಾಟವಾಗುತ್ತದೆ. ಆ ಹೆಸರಿನ ಎಷ್ಟೋ ಗಿಡಗಳು ನಿಜದಲ್ಲಿ ಟ್ರೈಮೀಜಿಯಾ ಸ್ಟೇಯರ್ಮಾರ್ಕಿ ಎಂಬ ಎತ್ತರದ ಪ್ರಭೇದ. ಈಚಿನ ವರ್ಷಗಳಲ್ಲಿ ಕೆಲವು ಸಸ್ಯವಿಜ್ಞಾನಿಗಳು ನಿಯೋಮ್ಯಾರಿಕಾವನ್ನೂ ಟ್ರೈಮೀಜಿಯಾದೊಳಗೇ ಸೇರಿಸಿರುವುದರಿಂದ, ಎರಡು ಪುಸ್ತಕಗಳಲ್ಲಿ ಎರಡು ಹೆಸರು ಕಂಡರೆ ಗಾಬರಿಯಾಗಬೇಡಿ.

ಈಗ ಮೂರನೆಯದಕ್ಕೆ ಬರೋಣ. ಲೆಪರ್ಡ್ ಲಿಲಿ ಅಥವಾ ಬ್ಲ್ಯಾಕ್‌ಬೆರಿ ಲಿಲಿ ಎನ್ನುವ ಈ ಗಿಡದ ಆರೂ ಎಸಳುಗಳು ಹೆಚ್ಚುಕಡಿಮೆ ಒಂದೇ ಅಳತೆಯವು, ಚಪ್ಪಟೆಯಾಗಿ ಹರಡಿಕೊಂಡಿರುತ್ತವೆ. ಕೆಳಗೆ ಬಾಗಿದ್ದೂ ಇಲ್ಲ, ಮೇಲೆ ನಿಂತದ್ದೂ ಇಲ್ಲ; ಶಲಾಕೆಯೂ ಎಸಳಿನಂತಿಲ್ಲ. ಐರಿಸ್ ಕುಲದ್ದೆಂದು ನಾನು ಮೇಲೆ ಹೇಳಿದ ಹೂವಿನ ಲಕ್ಷಣಗಳೊಂದೂ ಇದಕ್ಕೆ ಹೊಂದುವುದಿಲ್ಲವಾದ್ದರಿಂದ ನೀವು ಅದನ್ನು ಲಿಲಿ ಎಂದದ್ದರಲ್ಲಿ ಆಶ್ಚರ್ಯವೇನಿಲ್ಲ. 1753ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ತನ್ನ ಒಂದೇ ಗ್ರಂಥದಲ್ಲಿ ಇದಕ್ಕೆ ಎರಡು ಕಡೆ ಎರಡು ಹೆಸರು ಕೊಟ್ಟ: ಒಂದು ಕಡೆ ಇಕ್ಸಿಯಾ ಎಂದ, ಇನ್ನೊಂದು ಕಡೆ ಆರ್ಕಿಡ್‌ಗಳ ಸಾಲಿಗೆ ಸೇರಿಸಿ ಎಪಿಡೆಂಡ್ರಮ್ ಡೊಮೆಸ್ಟಿಕಮ್ ಎಂದ. ಆಮೇಲೆ ಬಹಳ ಕಾಲ ಇದು ಬೆಲಮ್‌ಕಾಂಡಾ ಎಂಬ ಪ್ರತ್ಯೇಕ ಕುಲವಾಗಿ ಉಳಿಯಿತು. ಡಿಎನ್‌ಎ ಪರೀಕ್ಷೆಗಳಲ್ಲಿ ಇದು ಐರಿಸ್ ಕುಲದ ನಟ್ಟನಡುವೆಯೇ ಬರುತ್ತದೆಂದು ಕಂಡುಬಂದ ಮೇಲೆ, 2005ರಲ್ಲಿ ಗೋಲ್ಡ್‌ಬ್ಲಾಟ್ ಮತ್ತು ಮ್ಯಾಬರ್ಲಿ ಎಂಬ ಸಸ್ಯವಿಜ್ಞಾನಿಗಳು ಇದಕ್ಕೆ ಐರಿಸ್ ಡೊಮೆಸ್ಟಿಕಾ ಎಂದು ಹೆಸರಿಟ್ಟರು. ಬಾಡಿದ ಹೂವು ಬಟ್ಟೆ ಹಿಂಡಿದಂತೆ ಸುರುಳಿ ಸುತ್ತಿಕೊಳ್ಳುವುದನ್ನೂ, ಕಾಯಿ ಒಡೆದಾಗ ಹೊಳೆಯುವ ಕಪ್ಪು ಬೀಜಗಳು ಗೊಂಚಲಾಗಿ ನಿಲ್ಲುವುದನ್ನೂ ನೋಡಿದರೆ ಇದನ್ನು ಮತ್ತಾವ ಗಿಡದೊಂದಿಗೂ ತಪ್ಪಾಗಿ ತಿಳಿಯಲಾರಿರಿ.

ನಾಲ್ಕನೆಯದು ಆಫ್ರಿಕಾ ಮೂಲದ ಡೈಟೀಸ್. ನಡುವೆ ಕಾಣುವ ತಿಳಿನೇರಳೆ ಭಾಗ ಎಸಳಿನಂತಾದ ಶಲಾಕೆಯೇ ಆದ್ದರಿಂದ, ಹೂವಿನ ಮಟ್ಟಿಗೆ ಇದು ನಿಮ್ಮ ಮೂರನೆಯ ಗಿಡಕ್ಕಿಂತ ಹೆಚ್ಚು ಐರಿಸ್‌ನಂತಿದೆ. 'ಇಬ್ಬರು ನೆಂಟರುಳ್ಳದ್ದು' ಎಂಬ ಅರ್ಥದ ಗ್ರೀಕ್ ಹೆಸರನ್ನು ಇಟ್ಟವರಿಗೂ ಈ ಹೋಲಿಕೆ ಕಂಡಿತ್ತು. ಆ ನೆಂಟರಲ್ಲಿ ಒಂದು ಐರಿಸ್, ಇನ್ನೊಂದು ಅದೇ ಕುಟುಂಬದ ಮೊರಿಯಾ ಎಂಬ ಕುಲ. ಒಂದು ಹೂವಿಗೆ ನೂಲು ಕಟ್ಟಿ ಗುರುತು ಮಾಡಿ: ಅದೇ ದಿನ ಮುದುಡಿದರೆ ಡೈಟೀಸ್ ಇರಿಡಿಯಾಯ್ಡಿಸ್, ಹೂವು ದೊಡ್ಡದಾಗಿದ್ದು ಮೂರು ದಿನ ನಿಂತರೆ ಗ್ರ್ಯಾಂಡಿಫ್ಲೋರಾ. ಹೂ ಮುಗಿದ ದಂಟನ್ನು ಕತ್ತರಿಸಬೇಡಿ, ಅದೇ ದಂಟಿನಲ್ಲಿ ಮತ್ತೆ ಹೂವು ಬರುತ್ತದೆ.

ಐದನೆಯದರ ಬಗ್ಗೆ ನನಗಿರುವುದು ಊಹೆ ಮಾತ್ರ. ಒಂದು ಎಲೆಯನ್ನು ಕಿತ್ತು ಅಂಗೈಯಲ್ಲಿ ತಿಕ್ಕಿ ಮೂಸಿ. ಮನೆಯಲ್ಲಿ ಹಸುಗೂಸಿಗೆ ಬಜೆ ತೇಯ್ದ ನೆನಪಿದ್ದವರಿಗೆ ಆ ವಾಸನೆ ಕೂಡಲೇ ತಿಳಿಯುತ್ತದೆ. ಬಜೆಯ ಎಲೆಯೂ ಕತ್ತಿಯಂತೆಯೇ ಇದ್ದು, ಬೀಸಣಿಗೆಯಂತೆಯೇ ಹರಡಿ, ಬಚ್ಚಲ ನೀರಿನ ಕೆಸರಿನಲ್ಲಿಯೇ ಹುಲುಸಾಗಿ ಬೆಳೆಯುತ್ತದೆ. ಆದರೆ ಅದರ ನಡುನರ ಒಂದು ಬದಿಗೆ ಸರಿದಿರುತ್ತದೆ, ಅಂಚು ಅಲ್ಲಲ್ಲಿ ನಿರಿಗೆಗಟ್ಟಿರುತ್ತದೆ. ಹೂವು ಎಂದರೆ ಎಲೆಯ ಬದಿಯಿಂದ ಕಿರುಬೆರಳಿನಂತೆ ಹೊರಟ ಹಸಿರು ಕಡ್ಡಿ ಅಷ್ಟೆ. ಹತ್ತು ವರ್ಷ ನೀವು ಹೂವನ್ನು ಕಾಣದೇ ಹೋದದ್ದು ಅದು ಹೂವಿನಂತೆ ಇಲ್ಲದ್ದರಿಂದಲೇ ಇರಬಹುದು. ಎಲೆಗೆ ಯಾವ ವಾಸನೆಯೂ ಇಲ್ಲದಿದ್ದರೆ ಒಂದು ಬುಡವನ್ನು ಬಿಸಿಲು ಬೀಳುವ ಕಡೆ ನೆಟ್ಟು, ಹೂ ಬಿಟ್ಟ ಮೇಲೆ ಮತ್ತೆ ಬರೆಯಿರಿ.

ಇನ್ನು ತಳಿಯ ಮಾತು. ನೀವು ಕೇಳಿದ್ದು ತಳಿಯ ಹೆಸರು, ನಾನು ಕೊಟ್ಟದ್ದು ಕುಲ ಮತ್ತು ಪ್ರಭೇದದ ಹೆಸರು. ನಿಮ್ಮ ಗಿಡಗಳಲ್ಲಿ ಬಹುಪಾಲು ಕಾಡಿನ ಪ್ರಭೇದಗಳೇ ಕೈಯಿಂದ ಕೈಗೆ ಹರಿದು ಬಂದಂತೆ ಕಾಣುವುದರಿಂದ, ಅವಕ್ಕೆ ತಳಿಯ ಹೆಸರೇ ಇರುವುದಿಲ್ಲ. ಪ್ರಭೇದ ತಿಳಿದಲ್ಲಿಗೆ ಗುರುತು ಪೂರ್ಣವಾಯಿತು. ಕಿತ್ತಳೆ ಹೂವಿನದಕ್ಕೆ ಮಾತ್ರ ಹಲೋ ಯೆಲ್ಲೋ ಎಂಬ ಗಿಡ್ಡ, ಚುಕ್ಕೆಯಿಲ್ಲದ ಹಳದಿ ತಳಿಯೂ, ಬೇರೊಂದು ಐರಿಸ್‌ನೊಂದಿಗೆ ಕೂಡಿಸಿ ಪಡೆದ ಕ್ಯಾಂಡಿ ಲಿಲಿ ಎಂಬ ಬಣ್ಣಬಣ್ಣದ ಮಿಶ್ರತಳಿಗಳೂ ಇವೆ. ನಿಮ್ಮದು ಅವೆರಡೂ ಅಲ್ಲ.

ಪ್ರಶ್ನೆ: ಉತ್ತರ ಭಾರತದ ಪ್ರವಾಸದಲ್ಲಿ ಕಂಡ ನೇರಳೆ ಬಣ್ಣದ, ಎಸಳಿನ ಮೇಲೆ ಗಡ್ಡದಂತಹ ಹಳದಿ ಕೂದಲಿರುವ ಐರಿಸ್‌ನ ಆರು ಗಡ್ಡೆಗಳನ್ನು ಅಂಚೆಯ ಮೂಲಕ ತರಿಸಿದ್ದೆವು. ಒಂದೊಂದರ ಜೊತೆಗೂ ಹೆಸರಿನ ಚೀಟಿಯಿತ್ತು. ಆರಿದ್ರಾ ಮಳೆ ಮುಗಿಯುವುದರೊಳಗೆ ನಾಲ್ಕು ಕೊಳೆತುಹೋದವು. ಚೀಟಿಗಳು ಒದ್ದೆಯಾಗಿ ಅಕ್ಷರ ಅಳಿಸಿಹೋಗಿವೆ. ಉಳಿದ ಎರಡರ ಹೆಸರನ್ನು ಕಂಡುಹಿಡಿಯುವುದು ಹೇಗೆ? (ಸಾಗರದ ಓದುಗರೊಬ್ಬರು)

ಉತ್ತರ: ಹೆಸರಿಗಿಂತ ಮೊದಲು ಗಡ್ಡೆಯನ್ನು ಉಳಿಸಿಕೊಳ್ಳಿ. ಗಡ್ಡದ ಐರಿಸ್ ಚಳಿಗಾಲದಲ್ಲಿ ಕೊರೆಯುವ ಚಳಿಯನ್ನೂ, ಹೂವಾದ ಮೇಲೆ ಒಣ ಬೇಸಿಗೆಯನ್ನೂ ಬಯಸುವ ಗಿಡ. ಕಾಶ್ಮೀರದಲ್ಲಿ ಸಮಾಧಿಗಳ ಮೇಲೆ ಇದರ ಬಂಧುಗಳು ಯಾರ ಆರೈಕೆಯೂ ಇಲ್ಲದೆ ಅರಳುತ್ತವೆ. ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಮಳೆ ಸುರಿಯುವ ಆಗುಂಬೆಯ ಕಡೆ ಅದೇ ಗಡ್ಡೆ ಬ್ಯಾಕ್ಟೀರಿಯಾ ಹತ್ತಿ, ನಾರುವ ಅಂಟಿನಂತೆ ಕರಗಿಹೋಗುತ್ತದೆ. ನಿಮ್ಮ ಸಾಗರವೂ ಇದಕ್ಕೆ ಅನುಕೂಲದ ಊರೇನಲ್ಲ. ಕುಂಡದಲ್ಲಿ ಅರ್ಧದಷ್ಟು ಮರಳು ಬೆರೆಸಿ, ಗಡ್ಡೆಯ ಬೆನ್ನು ಮಣ್ಣಿನ ಮೇಲೆ ಬಿಸಿಲಿಗೆ ಕಾಣುವಂತೆ ನೆಟ್ಟು, ಮಳೆಗಾಲವಿಡೀ ಸೂರಿನಡಿ ಇಡಿ. ಇಷ್ಟಾದರೂ ಹೂ ಬರುವುದೆಂಬ ಭರವಸೆಯನ್ನು ನಾನು ಕೊಡಲಾರೆ.

ಹೂವೇ ಬಾರದೆ ತಳಿಯನ್ನು ಗುರುತಿಸುವುದಂತೂ ಸಾಧ್ಯವಿಲ್ಲ, ಬಂದರೂ ಸುಲಭವಲ್ಲ. ಗಡ್ಡದ ಐರಿಸ್‌ಗಳಲ್ಲಿ ಹೆಸರು ನೋಂದಾಯಿಸಿದ ತಳಿಗಳೇ ಹತ್ತಾರು ಸಾವಿರ ಇವೆ. 1920ರಲ್ಲಿ ಆರಂಭವಾದ ಅಮೆರಿಕನ್ ಐರಿಸ್ ಸೊಸೈಟಿ ಈ ನೋಂದಣಿಯನ್ನು ನೋಡಿಕೊಳ್ಳುತ್ತದೆ. ಅಲ್ಲಿನ ವಿವರಣೆ ಹೆಚ್ಚಾಗಿ ಬಣ್ಣ, ಎತ್ತರ, ಹೂಬಿಡುವ ಕಾಲಗಳನ್ನು ಕುರಿತದ್ದು, ಮತ್ತು 'ನೇರಳೆ ಹೂವು, ಹಳದಿ ಗಡ್ಡ' ಎಂಬ ವಿವರಣೆಗೆ ಒಂದು ಹೊಲಕ್ಕಾಗುವಷ್ಟು ತಳಿಗಳು ಹೊಂದುತ್ತವೆ. ಮೊಬೈಲಿನ ಕ್ಯಾಮೆರಾ ನೇರಳೆಯನ್ನು ನೀಲಿಯಾಗಿ ತೋರಿಸುವುದು ಎಲ್ಲರಿಗೂ ಅನುಭವಕ್ಕೆ ಬಂದ ವಿಷಯ. ಬಲ್ಲವರು ಒಪ್ಪುವ ದಾರಿ ಒಂದೇ: ಹೆಸರು ಖಚಿತವಾಗಿ ಗೊತ್ತಿರುವ ಗಿಡವನ್ನು ತಂದು, ನಿಮ್ಮದರ ಪಕ್ಕದಲ್ಲಿ ಅದೇ ಮಣ್ಣಿನಲ್ಲಿ ಬೆಳೆಸಿ, ಎರಡೂ ಅರಳಿದಾಗ ಎಸಳಿಗೆ ಎಸಳನ್ನು ಇಟ್ಟು ನೋಡುವುದು. ಆದರೆ ನಿಮಗೆ ಇದಕ್ಕಿಂತ ಹತ್ತಿರದ ದಾರಿಯೊಂದಿದೆ. ಮಾರಿದವರ ರಸೀದಿಯಲ್ಲಿ ಆರು ಹೆಸರುಗಳು ಇದ್ದರೆ, ನೀವು ಹುಡುಕಬೇಕಾದದ್ದು ಹತ್ತಾರು ಸಾವಿರದಲ್ಲಿ ಅಲ್ಲ, ಆರರಲ್ಲಿ.

ಪ್ರಶ್ನೆ: ಹೆಸರು ತಿಳಿಯದ ಗಿಡಕ್ಕೆ ನಾವೇ ಹೆಸರಿಡಬಹುದೇ? ಇತರರಿಗೆ ಕೊಡುವಾಗ ಏನೆಂದು ಬರೆದುಕೊಡಬೇಕು? (ಶಿವಮೊಗ್ಗದ ಓದುಗರೊಬ್ಬರು)

ಉತ್ತರ: ಮನೆಯೊಳಗಿನ ಗುರುತಿಗೆ ಧಾರಾಳವಾಗಿ ಇಡಬಹುದು. ಡೇರೆಯ ಗಡ್ಡೆಗಳನ್ನು ಕೊಟ್ಟವರ ಊರಿನ ಹೆಸರಿನಿಂದಲೇ ಕರೆಯುವ ವಾಡಿಕೆ ನಮ್ಮ ಕಡೆ ಇದ್ದೇ ಇದೆ, ಅದರಲ್ಲಿ ಗಿಡದ ಚರಿತ್ರೆಯೂ ಉಳಿಯುತ್ತದೆ. ಮಾಡಬಾರದ ಕೆಲಸವೆಂದರೆ, ಅಂತರಜಾಲದಲ್ಲಿ ಹೋಲುವ ಚಿತ್ರವೊಂದನ್ನು ಕಂಡು ಆ ತಳಿಯ ಹೆಸರನ್ನು ನಮ್ಮ ಗಿಡಕ್ಕೆ ಅಂಟಿಸುವುದು. ಹೆಸರಿಲ್ಲದ ಗಿಡಕ್ಕೆ ಮುಂದೆಂದಾದರೂ ಹೆಸರು ಸಿಗಬಹುದು, ತಪ್ಪು ಹೆಸರು ಹತ್ತಿದ ಗಿಡವನ್ನು ಮತ್ತೆ ಯಾರೂ ಪರೀಕ್ಷಿಸುವುದಿಲ್ಲ. ಬೀಜದಿಂದ ಎಬ್ಬಿಸಿದ ಸಸಿಗೂ ತಾಯಿಗಿಡದ ತಳಿಯ ಹೆಸರು ಸಲ್ಲದು, ಏಕೆಂದರೆ ಅದು ತಾಯಿಯನ್ನೇ ಹೋಲಬೇಕೆಂಬ ನಿಯಮವಿಲ್ಲ. ಬುಡ ಒಡೆದು ಕೊಟ್ಟದ್ದಕ್ಕೆ ಮಾತ್ರ ಅದೇ ಹೆಸರು ಸಲ್ಲುತ್ತದೆ.

ಚೀಟಿಯಲ್ಲಿ ಗಿಡ ಬಂದ ಊರು, ಕೊಟ್ಟವರು, ವರ್ಷ, ಹೂವಿನ ಅಳತೆ, ಮೊದಲ ಹೂವು ಅರಳಿದ ತಿಂಗಳು ಇಷ್ಟನ್ನು ಬರೆಯಿರಿ. ಸಾಧ್ಯವಾದರೆ ಎಲೆಯ ಬುಡ ಮತ್ತು ದಂಟಿನ ಸಮೇತ ಒಂದು ಹೂವನ್ನು ಹಳೆಯ ದಿನಪತ್ರಿಕೆಯ ನಡುವೆ ಇಟ್ಟು, ಮೇಲೆ ಭಾರ ಹೇರಿ ಒಣಗಿಸಿಡಿ. ಮಳೆಗಾಲವಾದರೆ ಒಲೆಯ ಬಿಸಿ ತಾಗುವ ಅಟ್ಟದಲ್ಲಿಟ್ಟು, ದಿನವೂ ಕಾಗದ ಬದಲಾಯಿಸಿ, ಇಲ್ಲದಿದ್ದರೆ ಬೂಸಲು ಹಿಡಿಯುತ್ತದೆ. ಗಿಡದ ಬುಡಕ್ಕೆ ಸಿಕ್ಕಿಸುವ ಹೆಸರುಪಟ್ಟಿಗೆ ಶಾಯಿಯನ್ನು ನಂಬಬೇಡಿ. ತಂಪು ಪಾನೀಯದ ಖಾಲಿ ಡಬ್ಬಿಯನ್ನು ಪಟ್ಟಿಯಾಗಿ ಕತ್ತರಿಸಿ, ಅಂಚನ್ನು ಮಡಿಸಿ, ಅದರ ಒಳಮೈಯ ಮೇಲೆ ಬರೆಯದ ಬಾಲ್‌ಪೆನ್ನಿನಿಂದ ಒತ್ತಿ ಬರೆದರೆ ಅಕ್ಷರಗಳು ತಗಡಿನಲ್ಲಿ ಕೊರೆದಂತೆ ನಿಲ್ಲುತ್ತವೆ, ಅವನ್ನು ಮಳೆ ಅಳಿಸಲಾರದು.