ಯಾವಾಗ ಹೇಳಬೇಕೆಂದು ಅವರನ್ನೇ ಕೇಳಿದೆವು

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಸಲಹೆ ಕೇಳಲು ನನ್ನ ಬಳಿ ಮೊದಲು ಬಂದವರು ಮಗ ಮತ್ತು ಮಗಳು. ತಂದೆ ಲೆಕ್ಕಪರಿಶೋಧಕರಾಗಿದ್ದು ನಿವೃತ್ತರಾದವರು, ವಯಸ್ಸು ಅರವತ್ತೇಳು. ನೆನಪಿನ ಪರೀಕ್ಷೆ, ರಕ್ತಪರೀಕ್ಷೆ ಮುಗಿದಿದ್ದವು, ಎಂಆರ್‌ಐ ವರದಿ ಬಾಕಿಯಿತ್ತು. ಆಲ್ಝೈಮರ್‌ನ ಆರಂಭದ ಹಂತ ಇರಬಹುದೆಂದು ವೈದ್ಯರು ಮಗಳ ಕಿವಿಗೆ ಹಾಕಿದ್ದರು. ಇಬ್ಬರದೂ ಒಂದೇ ಬೇಡಿಕೆ: "ಮೇಡಂ, ಅಪ್ಪನಿಗೆ ಮಾತ್ರ ಗೊತ್ತಾಗಬಾರದು. ಕುಸಿದುಹೋಗುತ್ತಾರೆ."

ಡಿಮೆನ್ಷಿಯಾ, ಅಂದರೆ ಆಲ್ಝೈಮರ್‌ನಂಥ ಕಾಯಿಲೆಗಳಿಂದ ನೆನಪು, ಬುದ್ಧಿಶಕ್ತಿ ಕುಗ್ಗುತ್ತ ಹೋಗುವ ಪ್ರಕರಣಗಳಲ್ಲಿ ನಾನು ಹೆಚ್ಚು ಕೇಳುವ ಮಾತೇ ಇದು. 1996ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಆಲ್ಝೈಮರ್ ರೋಗಿಗಳ 100 ಮಂದಿ ಬಂಧುಗಳ ಅಭಿಪ್ರಾಯ ಪ್ರಕಟವಾಯಿತು. ರೋಗಿಗೆ ಹೇಳುವುದು ಬೇಡ ಎಂದವರು 83 ಮಂದಿ. ಅದೇ ಕಾಯಿಲೆ ತಮಗೇ ಬಂದರೆ ತಿಳಿಸಬೇಕು ಎಂದವರು 71 ಮಂದಿ! ಈ ಇಬ್ಬರಿಗೂ ಅದೇ ಪ್ರಶ್ನೆ ಹಾಕಿದೆ. ಮಗಳು ತಡವರಿಸಲಿಲ್ಲ: "ನನಗಾದರೆ ಅಂದೇ ಹೇಳಬೇಕು." ಮಗ ಯೋಚಿಸಿ ಹೇಳಿದ: "ನನಗೆ ಬೇಡ. ಕೈಲಾಗದ ಕಾಲಕ್ಕೆ ಗೊತ್ತಾದರೆ ಸಾಕು." ಒಂದೇ ಮನೆಯ ಇಬ್ಬರಲ್ಲಿ ಇಷ್ಟು ಅಂತರ. ಅಪ್ಪನ ಮನಸ್ಸಿನಲ್ಲಿ ಏನಿದೆಯೆಂದು ಮಾತ್ರ ಯಾರೂ ಕೇಳಿರಲಿಲ್ಲ.

ನಾನಾಗಿಯೇ ಬಾಯಿಬಿಡುವುದಿಲ್ಲ, ಅವರು ನೇರವಾಗಿ ಕೇಳಿದರೆ ಸುಳ್ಳನ್ನೂ ಹೇಳುವುದಿಲ್ಲ ಎಂದು ಇಬ್ಬರಿಗೂ ಸ್ಪಷ್ಟಪಡಿಸಿದೆ. ವರದಿ ಬರುವ ಮುನ್ನವೇ ತಂದೆಯನ್ನು ಕರೆತರಲು ಹೇಳಿದೆ. ಈ 'ಮುನ್ನವೇ' ಬಹಳ ಮುಖ್ಯ. ವರದಿ ಕೈಗೆ ಬಂದ ಮೇಲೆ "ನಿಮಗೆ ತಿಳಿಯಬೇಕೇ?" ಎಂದರೆ ಆ ಪ್ರಶ್ನೆಯೇ ಗುಟ್ಟು ಬಿಟ್ಟುಕೊಡುತ್ತದೆ.

ಅವರು ಬಂದಾಗ ಕೈಯಲ್ಲಿ ಮನೆಯ ಲೆಕ್ಕದ ಪುಸ್ತಕವಿತ್ತು. ತಾವೇ ಪುಟ ತೆರೆದು ತೋರಿಸಿದರು. ಒಂದೇ ವಿದ್ಯುತ್ ಬಿಲ್ಲು ಒಂದೇ ವಾರದಲ್ಲಿ ಮೂರು ಕಡೆ ದಾಖಲಾಗಿತ್ತು. ಎರಡನೆಯದರ ಪಕ್ಕ ಪೆನ್ಸಿಲಿನಲ್ಲಿ ಪ್ರಶ್ನಾರ್ಥಕ ಚಿಹ್ನೆ. ಮೂರನೆಯದಕ್ಕೆ ಅಡ್ಡಗೆರೆ ಎಳೆದು, ಅಂಚಿನಲ್ಲಿ ಪುಟ್ಟ ಸಹಿ. ತಿದ್ದುಪಡಿಗೆ ಸಹಿ ಹಾಕುವ ವೃತ್ತಿಯ ಅಭ್ಯಾಸ ಉಳಿದಿತ್ತು, ಬಿಲ್ಲು ಕಟ್ಟಿದ ನೆನಪು ಉಳಿದಿರಲಿಲ್ಲ. ಮಕ್ಕಳು ಯಾವುದನ್ನು ಮುಚ್ಚಿಡಲು ಹೆಣಗುತ್ತಿದ್ದರೋ ಅದರ ಲೆಕ್ಕವನ್ನು ಅಪ್ಪ ಆಗಲೇ ಇಡತೊಡಗಿದ್ದರು.

"ವರದಿಯಲ್ಲಿ ಏನೇ ಇರಲಿ, ನಿಮಗೆ ಎಷ್ಟು ತಿಳಿಯಬೇಕು, ಯಾವಾಗ, ಜೊತೆಗೆ ಯಾರಿರಬೇಕು?" ಎಂದು ಕೇಳಿದೆ.

"ಇರಬಹುದು, ಇಲ್ಲದಿರಬಹುದು ಎನ್ನುವ ಮಾತು ಬೇಡ. ಖಚಿತವಾದ ದಿನ ಹೆಸರು ಹಿಡಿದು ಹೇಳಿ. ಮೊದಲು ನನಗೆ, ಆಮೇಲೆ ಮಕ್ಕಳಿಗೆ. ಇನ್ನೆಷ್ಟು ವರ್ಷ ಎಂಬುದನ್ನು ನಾನಾಗಿ ಕೇಳಿದಾಗ ಹೇಳಿದರೆ ಸಾಕು. ನನ್ನ ಹೆಂಡತಿ ಜೊತೆಗಿರಲಿ. ಅವಳು ಅತ್ತರೆ ನಾನು ಗಟ್ಟಿಯಾಗುತ್ತೇನೆ."

ಖಚಿತವಾಗುವ ತನಕ ಬೇಡ ಎಂಬುದನ್ನು ಪುಕ್ಕಲುತನವೆಂದು ತಳ್ಳಿಹಾಕುವಂತಿಲ್ಲ. ಥೈರಾಯ್ಡ್ ತೊಂದರೆ, ಬಿ12 ಕೊರತೆ, ಖಿನ್ನತೆ ಇವೂ ಮರೆವು ತರುತ್ತವೆ, ಚಿಕಿತ್ಸೆಗೂ ಬಗ್ಗುತ್ತವೆ. ತೀರಾ ಸೌಮ್ಯ ಮರೆವಿನ ಹಂತದಲ್ಲಿರುವ ಎಲ್ಲರಿಗೂ ಡಿಮೆನ್ಷಿಯಾ ಬರುವುದಿಲ್ಲ, ಕೆಲವರು ಸರಿಹೋಗುವುದೂ ಉಂಟು. ಆದರೆ ಖಚಿತವಾದ ಮೇಲೆ ತಡಮಾಡುವುದಕ್ಕೆ ಬೆಲೆ ತೆರಬೇಕಾಗುತ್ತದೆ. ಉಯಿಲು, ಬ್ಯಾಂಕ್ ವ್ಯವಹಾರ, ಮುಂದೆ ತನ್ನ ಪರವಾಗಿ ಯಾರು ತೀರ್ಮಾನಿಸಬೇಕು ಎಂಬುದೆಲ್ಲ ಬುದ್ಧಿ ಸ್ವಾಧೀನದಲ್ಲಿದ್ದಾಗಲೇ ಆಗಬೇಕಾದ ಕೆಲಸ. 2023ರಲ್ಲಿ ಅಮೆರಿಕದಲ್ಲಿ ಪೂರ್ಣ ಅನುಮತಿ ಪಡೆದ ಲೆಕನೆಮ್ಯಾಬ್‌ನಂಥ ಔಷಧಿಯೂ ಆರಂಭದ ಹಂತದವರಿಗೆ ಮಾತ್ರ. ಅದು ಗುಣಪಡಿಸುವುದಿಲ್ಲ, ಕಾಯಿಲೆಯ ವೇಗವನ್ನು ಸ್ವಲ್ಪ ತಗ್ಗಿಸುತ್ತದೆ, ಅಡ್ಡಪರಿಣಾಮಗಳೂ ಇವೆ. ಬೇಕೋ ಬೇಡವೋ ಎಂದು ಯೋಚಿಸಲಿಕ್ಕಾದರೂ ರೋಗಿಗೆ ತನ್ನ ಕಾಯಿಲೆ ತಿಳಿದಿರಬೇಕಲ್ಲ.

ಆಲ್ಝೈಮರ್ ಖಚಿತವಾಯಿತು. ವೈದ್ಯರು ದಂಪತಿಯನ್ನು ಕೂರಿಸಿಕೊಂಡು ಹೆಸರು ಹಿಡಿದೇ ಹೇಳಿದರು. ಹೆಂಡತಿ ಅಳಲಿಲ್ಲ, ಅವರೇ ಅತ್ತರು. ಕಣ್ಣೊರೆಸಿಕೊಂಡು ಕೇಳಿದ ಮೊದಲ ಪ್ರಶ್ನೆ, "ಕಾರು ಓಡಿಸಬಹುದೇ?"

ಕುಸಿದುಹೋಗುತ್ತಾರೆ ಎಂಬ ಭಯದ ಬಗ್ಗೆ ಮಕ್ಕಳೊಂದಿಗೆ ಮತ್ತೆ ಮಾತಾಡಿದೆ. 2008ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನ 90 ಮಂದಿಯನ್ನು ಗಮನಿಸಿತ್ತು. ರೋಗನಿರ್ಣಯ ಕೇಳಿದ ಮೇಲೆ ಖಿನ್ನತೆಯೇನೂ ಗಣನೀಯವಾಗಿ ಹೆಚ್ಚಲಿಲ್ಲ, ಆತಂಕ ಕಡಿಮೆಯಾಯಿತು. ಹಾಗೆಂದು ಕೈಕಟ್ಟಿ ಕೂರುವಂತಿಲ್ಲ. ಹಿಂದೆ ಖಿನ್ನತೆ ಇದ್ದವರಿಗೆ, ಒಂಟಿಯಾಗಿರುವವರಿಗೆ ಮೊದಲ ಕೆಲವು ವಾರ ಜೊತೆ ಬೇಕು. ಊಟ, ನಿದ್ರೆ ಕೆಟ್ಟರೆ, ಬದುಕಿ ಏನು ಪ್ರಯೋಜನ ಎಂಬ ಮಾತು ಬಂದರೆ ಅದೇ ದಿನ ವೈದ್ಯರಿಗೆ ತಿಳಿಸಿ ಎಂದೆ. ತಂದೆಯ ಬೆನ್ನ ಹಿಂದೆ ವೈದ್ಯರಿಗೆ ಫೋನ್ ಮಾಡುವುದನ್ನು ನಿಲ್ಲಿಸಲು ಮಗಳಿಗೆ ಹೇಳಬೇಕಾಯಿತು. ಅವಳಿಗೆ ಇಷ್ಟವಾಗಲಿಲ್ಲ, ಒಪ್ಪಿದಳು.

ಕೆಲವು ತಿಂಗಳ ಬಳಿಕ ಹೆಂಡತಿ ಒಬ್ಬರೇ ಬಂದರು. "ಈ ಮಾತ್ರೆ ಯಾಕೆ ಅಂತ ಇವರು ದಿನಾ ಕೇಳುತ್ತಾರೆ. ದಿನಾ ಆ ಹೆಸರು ಹೇಳಬೇಕೇ?" ಹೇಳುವುದು ಬಿಡುವುದು ಎಂಬ ಚರ್ಚೆಯಲ್ಲಿ ಯಾರೂ ಎತ್ತದ ಪ್ರಶ್ನೆ ಇದು, ಮನೆಯಲ್ಲಿ ದಿನವೂ ಎದುರಾಗುವುದು ಇದೇ. ನಾನು ಕೊಟ್ಟ ಸಲಹೆ: ಕೇಳಿದಷ್ಟಕ್ಕೆ ಉತ್ತರಿಸಿ. "ಮರೆವಿಗೆ, ಡಾಕ್ಟರು ಕೊಟ್ಟದ್ದು" ಎಂದರೆ ಅದು ನಿಜವೇ. ಕಾಯಿಲೆಯ ಹೆಸರನ್ನೇ ಕೇಳಿದರೆ ಹೇಳಿ. ಪ್ರತಿ ಸಲವೂ ಹೊಸ ಆಘಾತವೆಂಬಂತೆ ನಲುಗುವ ಹಂತ ಬಂದರೆ ಹೆಸರನ್ನು ನೀವಾಗಿ ಎತ್ತಬೇಡಿ, ಆ ಹೊತ್ತಿನ ಕಳವಳಕ್ಕೆ ಜೊತೆಯಾಗಿ. ಅವರಿಗೆ ತಿಳಿಯಬೇಕಿದ್ದದ್ದು ತಿಳಿಯಬೇಕಿದ್ದ ಕಾಲಕ್ಕೆ ತಿಳಿದಾಗಿದೆ.

ಮಗನದು ಬೇರೆ ಚಿಂತೆ. ಅಕ್ಕ ವಂಶವಾಹಿ ಪರೀಕ್ಷೆಗೆ ಒತ್ತಾಯಿಸುತ್ತಿದ್ದಳು, ಅವನಿಗೆ ಬೇಡವಾಗಿತ್ತು. ಇಳಿವಯಸ್ಸಿನ ಆಲ್ಝೈಮರ್‌ನಲ್ಲಿ ಎಪಿಒಇ4 ಎಂಬ ವಂಶವಾಹಿ ರೂಪ ಇದ್ದರೆ ಅಪಾಯ ಹೆಚ್ಚು ಅಷ್ಟೇ; ಬಂದೇ ಬರುತ್ತದೆ ಎಂದಲ್ಲ, ಇಲ್ಲದವರಿಗೆ ಬರುವುದೇ ಇಲ್ಲ ಎಂದೂ ಅಲ್ಲ. ಡಿಎನ್‌ಎ ರಚನೆಯನ್ನು ಕಂಡುಹಿಡಿದವರಲ್ಲಿ ಒಬ್ಬರಾದ ಜೇಮ್ಸ್ ವಾಟ್ಸನ್ ತಮ್ಮ ಜೀನೋಮ್ ಅನ್ನು, ಅಂದರೆ ಇಡೀ ವಂಶವಾಹಿ ಮಾಹಿತಿಯನ್ನು, ಜಗತ್ತಿನ ಮುಂದೆ ತೆರೆದಿಟ್ಟಾಗಲೂ ಈ ಒಂದು ವಂಶವಾಹಿಯ ಫಲಿತಾಂಶ ಬೇಡವೆಂದಿದ್ದರು. ಪರೀಕ್ಷೆ ಬೇಡವೆನ್ನುವ ಹಕ್ಕು ಅವನಿಗಿದೆ ಎಂದು ಅಕ್ಕನ ಎದುರಿಗೇ ಹೇಳಿದೆ. ಜೊತೆಗೆ, ಮುಂದೊಂದು ದಿನ ಮರೆವು ಶುರುವಾದರೆ ತಮಗೆ ಯಾವಾಗ, ಯಾರು ಹೇಳಬೇಕೆಂದು ಇಬ್ಬರೂ ಈಗಲೇ ಬರೆದಿಟ್ಟು, ಮನಸ್ಸು ಬದಲಾದಾಗ ತಿದ್ದಿಕೊಳ್ಳಲು ತಿಳಿಸಿದೆ. ಮಗಳು ಬರೆದು ಗಂಡನ ಕೈಗೆ ಕೊಟ್ಟಿದ್ದಾಳೆ. ಮಗ ಇನ್ನೂ ಬರೆದಿಲ್ಲ.