ಮೋಟರು ತಿರುಗುತ್ತದೆ, ಎಂಜಿನ್ ತಿರುಗುವುದಿಲ್ಲ

ಪ್ರಶ್ನೆ: ಬೈಕಿನ ಸೆಲ್ಫ್ ಒತ್ತಿದರೆ ಮೋಟರು ಗುಂಯ್ ಎನ್ನುತ್ತದೆ, ಎಂಜಿನ್ ಅಲುಗುವುದಿಲ್ಲ. ಬ್ಯಾಟರಿ, ಮೋಟರು ಎರಡನ್ನೂ ಬದಲಾಯಿಸಿಯಾಯಿತು. ಮುಂದೇನು? (ಮಲ್ಪೆ)

ಉತ್ತರ: ಮಳೆಗಾಲ ಬಂತೆಂದರೆ ಈ ಪ್ರಶ್ನೆಯೂ ಬರುತ್ತದೆ, ಅದೂ ದುಡ್ಡು ಕಳೆದ ಮೇಲೆ. ಮೋಟರು ಸರಾಗವಾಗಿ ತಿರುಗುತ್ತಿದ್ದಾಗಲೇ ಅದನ್ನು ಬದಲಾಯಿಸಲು ಹೇಳಿದವರು ಮೆಕ್ಯಾನಿಕ್ಕೇ ಅಲ್ಲ. ಮೋಟರಿನ ತಿರುಗುವಿಕೆಯನ್ನು ಎಂಜಿನ್ನಿಗೆ ದಾಟಿಸುವುದು ಮ್ಯಾಗ್ನೆಟ್ಟಿನ (ಎಂಜಿನ್ನಿನ ಜೊತೆ ತಿರುಗಿ ಕರೆಂಟು ಹುಟ್ಟಿಸುವ ಚಕ್ರದ) ಹಿಂಬದಿಯಲ್ಲಿರುವ ಒನ್‌ವೇ ಕ್ಲಚ್. ಹಲವು ಬೈಕುಗಳಲ್ಲಿ ಸ್ಪ್ರಿಂಗ್ ತಳ್ಳುವ ಮೂರು ರೋಲರುಗಳು ಮೋಟರು ತಿರುಗಿಸುವ ಗಿಯರಿನ ಕತ್ತನ್ನು ಬಿಗಿಯಾಗಿ ಹಿಡಿದು ಎಂಜಿನ್ನನ್ನು ತಿರುಗಿಸಿ, ಅದು ಚಾಲೂ ಆದೊಡನೆ ಹಿಡಿತ ಬಿಡುತ್ತವೆ.

ಮ್ಯಾಗ್ನೆಟ್ಟನ್ನು ಹಿಡಿದುಕೊಂಡು ಆ ಗಿಯರನ್ನು ಕೈಯಿಂದ ತಿರುಗಿಸಿದರೆ ಒಂದು ಕಡೆಗೆ ಸಲೀಸಾಗಿ ತಿರುಗಬೇಕು, ಇನ್ನೊಂದು ಕಡೆಗೆ ಕೂಡಲೇ ಹಿಡಿಯಬೇಕು. ಜಾರಿ ಹಿಡಿದರೂ ಅದು ಕೆಟ್ಟಿದೆ ಎಂದೇ ತಿಳಿಯಿರಿ. ಬಿಚ್ಚಿದಾಗ ಗಿಯರಿನ ಕತ್ತಿನ ಮೇಲೆ ಉಗುರಿಗೆ ತಾಗುವಷ್ಟು ಗೆರೆಗಳಿದ್ದರೆ, ರೋಲರು ಮತ್ತು ಸ್ಪ್ರಿಂಗುಗಳ ಜೊತೆಗೆ ಗಿಯರನ್ನೂ ಬದಲಾಯಿಸಬೇಕು. ಸ್ಪ್ರಿಂಗನ್ನು ಎಳೆದು ಉದ್ದ ಮಾಡುವವರು ಮತ್ತು ಕತ್ತಿಗೆ ಎಮರಿ ಪೇಪರ್ ಉಜ್ಜುವವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಉಜ್ಜಿದಷ್ಟೂ ಕತ್ತು ಸವೆದು ರೋಲರು ಇನ್ನಷ್ಟು ಜಾರುತ್ತದೆ ಎಂಬುದು ಅವರಿಗೆ ಹೊಳೆಯುವುದಿಲ್ಲ. ಮ್ಯಾಗ್ನೆಟ್ಟನ್ನು ಪುಲ್ಲರಿನಿಂದಲೇ ತೆಗೆಯಬೇಕು. ಸುತ್ತಿಗೆ ಎತ್ತಿದವರ ಕೈಗೆ ನಾನು ಬೈಕ್ ಕೊಡುವುದಿಲ್ಲ. ಮತ್ತೆ ಜೋಡಿಸುವಾಗ ಬೋಲ್ಟುಗಳು ಸಡಿಲವಾಗದಂತೆ ಹಚ್ಚಿದ ಹಳೆಯ ಲಾಕ್‌ಟೈಟನ್ನು ಕೆರೆದು ಹೊಸದು ಹಚ್ಚಿ, ಟಾರ್ಕ್ ರೆಂಚಿನಿಂದ ಆ ಮಾದರಿಯ ಮ್ಯಾನುವಲ್ ಹೇಳಿದಷ್ಟೇ ಬಿಗಿಯಬೇಕು.

ಇಷ್ಟು ಮಾಡಿಯೂ ಬ್ಯಾಟರಿ ಸೊರಗಿದ್ದರೆ ಹೊಸ ರೋಲರೂ ಬಾಳುವುದಿಲ್ಲ. ನಿಧಾನವಾಗಿ ತಿರುಗುವ ಎಂಜಿನ್ ಕೆಲವೊಮ್ಮೆ ಹಿಂದಕ್ಕೆ ಒದೆಯುತ್ತದೆ, ಆ ಪೆಟ್ಟು ನೇರವಾಗಿ ರೋಲರಿಗೇ ಬೀಳುತ್ತದೆ. ಕಡಲ ಬದಿಯ ಉಪ್ಪುಗಾಳಿಗೆ ಟರ್ಮಿನಲ್ಲುಗಳು ಹಸಿರುಗಟ್ಟುವ ನಿಮ್ಮ ಮಲ್ಪೆಯಲ್ಲಿ ಅವುಗಳನ್ನು ಆಗಾಗ ಉಜ್ಜಿ ವ್ಯಾಸಲೀನ್ ಹಚ್ಚುವುದು ಮೇಲು. ಸೆಲ್ಫ್ ಒತ್ತಿದಾಗ ಬ್ಯಾಟರಿಯ ವೋಲ್ಟೇಜ್ 9.5ಕ್ಕಿಂತ ಕೆಳಗಿಳಿದರೆ ಮೊದಲು ಅದನ್ನು ಸರಿಪಡಿಸಿ. ಒಮ್ಮೆಗೆ 5 ಸೆಕೆಂಡಿಗಿಂತ ಹೆಚ್ಚು ಒತ್ತಬೇಡಿ.

ಪ್ರಶ್ನೆ: ಎಂಜಿನ್ ಆಯಿಲಿಗೆ ಸೀಮೆಎಣ್ಣೆ ಬೆರೆಸಿ ಓಡಿಸಿದರೆ ರೋಲರು ಸ್ವಚ್ಛವಾಗುತ್ತದೆಯೇ? (ಸುರತ್ಕಲ್)

ಉತ್ತರ: ಬೇರಿಂಗೂ ಹೋಗುತ್ತದೆ.

ಪ್ರಶ್ನೆ: ಕಿಕ್ಕರ್ ಇದೆ, ಹಾಗೆಯೇ ಓಡಿಸಬಹುದೇ? (ಕಾಪು)

ಉತ್ತರ: ಒಳಗೆ ಗರಗರ ಸದ್ದಿದ್ದರೆ ಕೂಡದು. ಮುರಿದ ಸ್ಪ್ರಿಂಗಿನ ಚೂರು ಎಲ್ಲಿ ಸಿಕ್ಕಿಕೊಳ್ಳುತ್ತದೆ ಎಂದು ನಾನು ಇಲ್ಲಿ ಕುಳಿತು ಹೇಳಲಾರೆ.

ಪ್ರಶ್ನೆ: ಇದಕ್ಕೆ ಕ್ಲಚ್ ಪ್ಲೇಟ್ ಬದಲಾಯಿಸಬೇಕೆ? (ಮಂಗಳೂರು)

ಉತ್ತರ: ಬೇಡ. ಕ್ಲಚ್ ಪ್ಲೇಟಿಗೂ ಒನ್‌ವೇ ಕ್ಲಚ್ಚಿಗೂ ಹೆಸರಿನಲ್ಲಿ ಮಾತ್ರ ನಂಟು.